ಅಣ್ಣನ ಪಾಲಿನ ತುತ್ತು

ಮಾರ್ಚ್ ೯, ರಾತ್ರಿ

ಮನೆಯಲ್ಲಿಲ್ಲದ ಹಿರಿಯರಿಗೆ ಮೊದಲ ತುತ್ತು ಎತ್ತಿಟ್ಟೇ ನಾವು ಉಣ್ಣುವುದು. ಅಪ್ಪ ಹೋದಮೇಲೆ ಅದು ಅಣ್ಣ ಯೆ ಲಿನ್‌ನ ಪಾಲು. ಅವನು ಚಿಂದ್ವಿನ್ ಹೊಳೆಯಾಚೆ ಸರ್ಕಾರದ ಸೈನ್ಯದಲ್ಲಿದ್ದಾನೆ, ನಾನು ಈಚೆ ಅದರ ವಿರುದ್ಧ ಕಾದುವ ಊರ ಪಡೆಯಲ್ಲಿ. ಇವತ್ತು ಬೇಕೆಂದೇ ಎತ್ತಿಡಲಿಲ್ಲ.

"ಅಣ್ಣಂದೆಲ್ಲೋ?" ಅಂದಳು ಅಮ್ಮ.

"ಮಧ್ಯಾಹ್ನ ಅವನ ಕಡೆಯಿಂದ್ಲೇ ಶೆಲ್ ಬಂತಲ್ಲಮ್ಮ."

"ಕಡಲೆ ಹೊಲಕ್ಕೆ ತಾನೇ ಬಿದ್ದಿದ್ದು? ಮನೆ ತಪ್ಪಿಸಿ ಹೊಡ್ದಿದಾನೆ. ಹಾಕು."

"ಹಂಗಾದ್ರೆ ಎರಡು ತುತ್ತು ಹಾಕ್ರಿ," ಎಂದು ನನ್ನ ಹೆಂಡತಿ ಸಾಬೆ ನಕ್ಕಳು.

ಪುಂಡಿ ಸೊಪ್ಪಿನ ಸಾರು ಕಲಸಿ ಒಂದು ತುತ್ತು ಎತ್ತಿಟ್ಟೆ. ಅಮ್ಮನ ಮಾತು ನಿಜವೋ ಸುಳ್ಳೋ, ಯಾರನ್ನು ಕೇಳಲಿ.

ನಾಳೆ ಮಾರ್ಟರ್ ಹಾರಿಸುವ ಸರದಿ ನನ್ನದು. ಎಲ್ಲರೂ ಮಲಗಿದ್ದಾರೆ. ಹೊಳೆಯಾಚೆ ಕಡಲೆ ಹೊಲ ಎಲ್ಲಿದೆಯೆಂದು ನೆನಪು ಮಾಡಿಕೊಳ್ಳುತ್ತಾ ಕೂತಿದ್ದೇನೆ.