ಮೇಲೆ ಏನೂ ಬರೆಯದ ಫೋಟೋ

ಮೊಳಕಾಲ್ಮುರು

ಸಂಪಾದಕರಿಗೆ ನಮಸ್ಕಾರ.

ಹೋದ ವರ್ಷ ನಿಮ್ಮ ಪತ್ರಿಕೆಯವರು ನಮ್ಮ ಮನೆಗೆ ಬಂದು, ಮಗ್ಗದಲ್ಲಿ ಕೂತಿದ್ದ ಅವ್ವ ಸೂರಮ್ಮನ ಫೋಟೋ ತೆಗೆದಿದ್ದರು. ಅದರಲ್ಲಿ ಅವ್ವ ಬಾಯಿ ತೆರೆದು ಕೂಗುತ್ತಿದ್ದಾಳೆ. ನೀವು ಕೆಳಗೆ ‘ನೇಕಾರರ ಆಕ್ರಂದನ’ ಎಂದು ಅಚ್ಚು ಹಾಕಿದಿರಿ. ಟಿವಿಯವರು ಅದೇ ಮುಖಕ್ಕೆ ಕೆಂಪು ಗೆರೆ ಸುತ್ತಿ ‘ಸಿಡಿದೆದ್ದ ಅಜ್ಜಿ’ ಎಂದರು. ಚಳ್ಳಕೆರೆಯ ಸೀರೆ ಅಂಗಡಿಯ ಜಾಹೀರಾತು ಫಲಕದಲ್ಲಿ ಅವಳು ‘ಪರಂಪರೆಯ ಹಾಡು’ ಹಾಡುತ್ತಿದ್ದಾಳೆ. ಮೊಬೈಲಿನಲ್ಲಿ ಯಾರೋ ಸಿನಿಮಾ ಡೈಲಾಗ್ ಅಂಟಿಸಿ ಹರಿಬಿಟ್ಟಿದ್ದರು. ಅದನ್ನು ನೋಡಿ ಅವ್ವನೂ ನಕ್ಕಿದ್ದಳು.

ದೂರು ಹೇಳಲು ಬರೆಯುತ್ತಿಲ್ಲ. ಅವ್ವ ಕಳೆದ ತಿಂಗಳು ತೀರಿಕೊಂಡಳು. ಗೋಡೆಗೆ ಹಾಕಲು ನಮ್ಮಲ್ಲಿ ಬೇರೆ ಫೋಟೋ ಇಲ್ಲ, ಇದರ ಸಿಕ್ಕ ಪ್ರತಿಗಳ ಮೇಲೆಲ್ಲ ನಿಮ್ಮಂಥವರ ಅಕ್ಷರಗಳಿವೆ. ಏನೂ ಬರೆಯದ ಪ್ರತಿ ನಿಮ್ಮ ಕಚೇರಿಯಲ್ಲಿದ್ದರೆ ದಯವಿಟ್ಟು ಕಳುಹಿಸಿಕೊಡಿ.

ಅಂದು ಅವಳು ಕೂಗಿದ್ದೇನೆಂದು ಯಾರೂ ಕೇಳಲಿಲ್ಲ. ನಾನು ಒಲೆ ಮರೆತು ಬಾಗಿಲಲ್ಲಿ ನಿಂತು ನಿಮ್ಮ ಕ್ಯಾಮೆರಾದವರನ್ನೇ ನೋಡುತ್ತಿದ್ದೆ. ಅವ್ವ ನನ್ನ ಕಡೆ ತಿರುಗಿ ಕೂಗಿದ್ದು ಇಷ್ಟೇ: “ಏ ಶಾಂತೀ, ಅನ್ನ ಸೀದೋಗ್ತೈತೆ, ಇಳಿಸೇ!”

ಇತಿ,
ಸೂರಮ್ಮನ ಮಗಳು ಶಾಂತಕುಮಾರಿ