ಯಾರೂ ಬಿಟ್ಟು ಹೋಗಿಲ್ಲ

ಫೆಬ್ರವರಿ 3

ಭಾಲ್ಕಿಯ ಬಸ್ಸು ಇವತ್ತೂ ತಡ. ಬೀದರ ತನಕ ನಿಂತೇ ಬಂದೆ. ಬಂದವಳೇ ಪರ್ಫಾರ್ಮನ್ಸ್ ಪ್ರೊಫೈಲ್, ಅಂದರೆ ಸಂಸ್ಥೆಯ ಸಾಧನೆಯ ವರದಿ, ತೆರೆದೆ. ಹದಿನೇಳಕ್ಕೆ ಪರಿಶೀಲನಾ ಟೀಮ್ ಬರುತ್ತದೆ. ನಮ್ಮ ಪುಟ್ಟ ಖಾಸಗಿ ವಿಶ್ವವಿದ್ಯಾಲಯಕ್ಕೆ ಗ್ರೇಡ್ ಕೊಡುವವರು. ನಾನು ಕಾಮರ್ಸ್ ಪಾಠ ಮಾಡುವವಳು. ಚೆನ್ನಾಗಿ ಬರೆಯುತ್ತೇನಂತೆ, ಅದಕ್ಕೇ ಇದು ಕುತ್ತಿಗೆಗೆ ಬಿತ್ತು. ಹೊಗಳಿ ಹೊರೆ ಹೊರಿಸುವುದು ಎಂದರೆ ಇದೇ.

ಪ್ಲೇಸ್‌ಮೆಂಟ್ ಪುಟ ಮುಗಿಯಿತು. ಕೊಳಾರದ ಗೋದಾಮಿನಲ್ಲಿ ಪೆಟ್ಟಿಗೆ ಹೊರುವ ಹುಡುಗರೆಲ್ಲ ‘ಲಾಜಿಸ್ಟಿಕ್ಸ್ ವೃತ್ತಿಪರರು’. ಬರೆದು ನಾನೇ ನಕ್ಕೆ.

ಫೆಬ್ರವರಿ 6

ಔರಾದದಿಂದ ಫೋನ್. ಆಯ್ಕೆಯಾಗಿದ್ದೇನೆ! ಅನುದಾನಿತ ಕಾಲೇಜು, ಕಾಯಂ ನೌಕರಿ. ಹದಿನೆಂಟರ ಸಂಜೆಯೊಳಗೆ ಒರಿಜಿನಲ್ ಸರ್ಟಿಫಿಕೇಟ್ ಸಮೇತ ಹೋಗಿ ಸೇರಬೇಕು. ತಪ್ಪಿದರೆ ಮುಂದಿನವರಿಗೆ. ಆಯಿ ದೇವರ ಮುಂದೆ ಸಕ್ಕರೆ ಇಟ್ಟಳು.

ಆದರೆ ಒರಿಜಿನಲ್... ಎಲ್ಲವೂ ರಿಜಿಸ್ಟ್ರಾರರ ಕಪಾಟಿನಲ್ಲಿ. ಇಲ್ಲಿ ಸೇರುವ ದಿನವೇ ಎಲ್ಲರೂ ಒಪ್ಪಿಸಬೇಕು — ‘ಸುರಕ್ಷತೆಗೆ’.

ಫೆಬ್ರವರಿ 7

ರಿಜಿಸ್ಟ್ರಾರ್ ಪ್ರಭಾಕರ ಸರ್ ಬಳಿ ಕೇಳಿದೆ. ಚಹಾ ತರಿಸಿದರು.

“ಟೀಮ್ ಬಂದ್ ಹೋಗ್ಲಿ ಮೇಡಂ. ಆಮ್ಯಾಲ ನೋಡೋಣ್ರಿ.”

“ಹದಿನೆಂಟಕ್ಕ ಬೇಕ್ರಿ ಸರ್.”

“ಕಾಗದ ಎಲ್ಲಿ ಓಡಿ ಹೋಗ್ತಾವ್ರಿ? ಕೀಲಿ ಹಾಕಿ ಇಟ್ಟೇನಲ್ಲ.”

ಚಹಾ ಕುಡಿದೆ. ಕುಡಿಯಬಾರದಿತ್ತು.

ಫೆಬ್ರವರಿ 9

ಅಧ್ಯಾಪಕರ ಪುಟ. ಐದು ವರ್ಷದಲ್ಲಿ ಎಷ್ಟು ಮಂದಿ ಬಿಟ್ಟು ಹೋದರು? ಯಾರೂ ಇಲ್ಲ. ಇಡೀ ಪ್ರೊಫೈಲಿನಲ್ಲಿ ಸುಳ್ಳಿಲ್ಲದ ಅಂಕಿ ಇದೊಂದೇ. ಕೈ ಸುಮ್ಮನಿರಲಿಲ್ಲ, ಕೆಳಗೆ ಒಂದು ಸಾಲು ಸೇರಿಸಿದೆ: ‘ಇದು ಸಂಸ್ಥೆಯ ಮೇಲೆ ಅಧ್ಯಾಪಕರಿಗಿರುವ ಪ್ರೀತಿ.’

ಸರ್ ಓದಿ ಕುರ್ಚಿಯಿಂದ ಎದ್ದೇ ಬಿಟ್ಟರು. “ಶಾಬಾಸ್! ಗ್ರೇಡ್ ಇದೇ ಪೇಜಿಗೆ ಬರ್ತದ ನೋಡ್ರಿ. ಈಗ ಒಬ್ರು ಹೋದ್ರೂ ಇದು ಕೆಟ್ಟಹೋಗ್ತದ.”

ನನ್ನನ್ನೇ ನೋಡಿ ಹೇಳಿದರು. ಕೈಯಾರೆ ಹಗ್ಗ ಹೊಸೆದುಕೊಟ್ಟೆ, ಕಟ್ಟಿದ್ದು ನನ್ನನ್ನೇ.

ಫೆಬ್ರವರಿ 14

ದಿನವೂ ಕೇಳಿದೆ. ದಿನವೂ ಚಹಾ. ಇವತ್ತು ಅತ್ತುಬಿಟ್ಟೆ, ಸ್ಟಾಫ್ ರೂಮಿನಲ್ಲೇ. ಗಣಿತದ ಶೈಸ್ತಾ ಬಾಗಿಲು ಮುಂದೆ ಮಾಡಿದಳು. ಪಿಎಚ್‌.ಡಿ. ಸೀಟು ಬಂದಾಗ ಅವಳಿಗೂ ಹೀಗೇ ಆಗಿತ್ತಂತೆ.

“ನಾನೂ ಕೇಳ್ಕೋತ ಕೇಳ್ಕೋತ ಸಾಕಾಗಿ ಬಿಟ್ಟೆ. ನೀ ಬಿಡಬ್ಯಾಡ ಮುಕ್ತಾ. ಯಾರರೆ ಒಬ್ರು ಬಾಯಿ ಬಿಡಬೇಕವ್ವ.”

ಒಬ್ಬರು ಎಂದರೆ ನಾನೇ ಏಕೆ?

ಫೆಬ್ರವರಿ 17, ಸಂಜೆ

ಟೀಮ್ ಬಂತು. ಹೂಗುಚ್ಛ, ಊಟ, ಹೊಸ ಕರ್ಟನ್. ಮುಖ್ಯಸ್ಥೆ ಕಡಿಮೆ ಮಾತಿನ ಹೆಂಗಸು. ಸಭೆಯಲ್ಲಿ ನನ್ನ ಪುಟ ತೆರೆದು ಕೇಳಿದರು: “ಯಾರೂ ಬಿಟ್ಟು ಹೋಗಿಲ್ಲ. ಯಾಕೆ?”

ಎಲ್ಲರೂ ನನ್ನ ಕಡೆ ತಿರುಗಿದರು. ಪ್ರಭಾಕರ ಸರ್ ನಗುತ್ತಿದ್ದರು.

“ಪ್ರೀತಿ, ಮೇಡಂ.”

ಚಪ್ಪಾಳೆ. ಶೈಸ್ತಾ ತಟ್ಟಲಿಲ್ಲ. ನನ್ನ ಮೇಲೆ ನನಗೇ ಅಸಹ್ಯ.

ಹೊರಡುವ ಮುಂಚೆ ಮುಖ್ಯಸ್ಥೆ ಹೇಳಿದರು — ನಾಳೆ ಒಬ್ಬೊಬ್ಬರನ್ನೇ ನೋಡುತ್ತೇನೆ, ಪ್ರತಿಯೊಬ್ಬರೂ ತಮ್ಮ ಒರಿಜಿನಲ್ ತರಲಿ. ಸರ್ ನಗು ನಿಂತಿತು.

ಫೆಬ್ರವರಿ 18, ಮಧ್ಯಾಹ್ನ

ಕಪಾಟು ತೆರೆದರು! ಸಾಲಿನಲ್ಲಿ ಕೂತಿದ್ದೇನೆ. ಫೈಲು ನನ್ನ ತೊಡೆಯ ಮೇಲೆ. ಎಷ್ಟೋ ವರ್ಷದ ನಂತರ ನನ್ನ ಡಿಗ್ರಿ ಮುಟ್ಟಿದೆ. ನುಸಿಗುಳಿಗೆ ವಾಸನೆ.

ತೋರಿಸಿ ಹೊರಬಂದವರಿಂದ ಸರ್ ಬಾಗಿಲಲ್ಲೇ ಫೈಲು ವಾಪಸ್ ಇಸಿದುಕೊಳ್ಳುತ್ತಿದ್ದಾರೆ. ಇರುವುದು ಒಂದೇ ಬಾಗಿಲು. ಕಿಟಕಿಯಿಂದ ಗೇಟು ಕಾಣುತ್ತದೆ. ಜನವಾಡದ ಮೇಲೆ ಔರಾದಕ್ಕೆ ಹೋಗುವ ಬಸ್ಸು ಅಲ್ಲೇ ನಿಲ್ಲುತ್ತದೆ. ಇನ್ನೂ ಹೊತ್ತಿದೆ, ಹೋದರೆ ಸಂಜೆಯೊಳಗೆ ಮುಟ್ಟುತ್ತೇನೆ.

ಶೈಸ್ತಾ ಒಳಗಿಂದ ಬಂದಳು. ಬರಿಗೈ. ಪಕ್ಕ ಕೂತಳು.

“ಒಳಗ ಅದೇ ಸವಾಲ್ ಕೇಳ್ತಾರ. ಯಾಕ ಬಿಟ್ಟು ಹೋಗಿಲ್ಲ ಅಂತ.”

“ನೀ ಏನಂದಿ?”

“ಪ್ರೀತಿ ಅಂದೆ.” ತಲೆ ಎತ್ತಲಿಲ್ಲ. “ನಿನ್ನಿ ನೀನೇ ಅದ ಅಂದಿದ್ದಿ ಅಲ್ಲ. ನಂದು ಬ್ಯಾರೆ ಹ್ಯಾಂಗ ಹೇಳ್ಲಿ? ಎಲ್ಲಾರೂ ಅದೇ ಹೇಳ್ಯಾರ.”

ಎಲ್ಲರೂ. ನನ್ನ ಸಾಲನ್ನೇ.

ಹೆಸರು ಕರೆದರು. ಸರ್ ಬಾಗಿಲಲ್ಲಿ ನನ್ನ ಫೈಲಿಗಾಗಿ ಈಗಲೇ ಕೈ ಚಾಚಿ ಸಿದ್ಧವಾಗಿದ್ದಾರೆ. ಆ ಸಾಲು ಬರೆದವಳು ನಾನು. ಒಳಗೆ ಹೋಗಿ ಅದನ್ನು ನಾನೇ ಹೊಡೆದು ಹಾಕುತ್ತೇನೆ.