ಮುರಿದ ಸೂಜಿಯನ್ನು ಏನು ಮಾಡಬೇಕೆಂದು ಹೇಳದವರಿಗೆ

ಕೆ.ಆರ್. ಪುರಂ ಕಡೆಯ ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಮಾನವ ಸಂಪನ್ಮೂಲ ಅಧಿಕಾರಿಗಳಿಗೆ,

ಮಾನ್ಯರೇ,

ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ನೀವು ಬರಮಾಡಿಕೊಳ್ಳುವ ವೈಭವವನ್ನು ಕೇಳಿ ದಂಗಾಗಿದ್ದೇನೆ. ಮೂರು ಗಂಟೆ ಎ.ಸಿ. ರೂಮು, ಕೈಗೊಂದು ಗುಲಾಬಿ, ಪರದೆಯ ಮೇಲೆ ಇಂಗ್ಲಿಷಿನಲ್ಲಿ ಸಂಸ್ಥಾಪಕರ ಬಾಲ್ಯ, ಕೊನೆಗೆ ಎದ್ದು ನಿಂತು ‘ನಾವೆಲ್ಲ ಒಂದೇ ಕುಟುಂಬ’ ಎಂಬ ಪ್ರತಿಜ್ಞೆ. ಇಷ್ಟೆಲ್ಲ ಮಾಡಿದ ನಿಮಗೆ, ಸೂಜಿ ಮುರಿದರೆ ಏನು ಮಾಡಬೇಕು ಎಂಬ ಒಂದು ಮಾತು ಹೇಳಲು ಪುರುಸೊತ್ತಾಗಲಿಲ್ಲ. ಆ ಮಾತು ಗೊತ್ತಿಲ್ಲದ ತಪ್ಪಿಗೆ ಯಂಕಮ್ಮನನ್ನು ಅದೇ ದಿನ ಸಂಜೆ ಹೊರಗೆ ಕಳಿಸಿದಿರಿ. ಬೆಳಿಗ್ಗೆ ಸೇರಿಸಿಕೊಂಡು ಸಂಜೆ ಓಡಿಸುವ ಕುಟುಂಬ ಯಾವ ಊರಿನದು, ಸ್ವಾಮಿ?

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಶಿವಾಜಿನಗರದ ಗಲ್ಲಿಯಲ್ಲಿ ನಲವತ್ತು ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದೇನೆ. ಯಂಕಮ್ಮ ರಾಯಚೂರು ಕಡೆಯವಳು, ಹೊರಮಾವಿನಲ್ಲಿ ಬಾಡಿಗೆ ರೂಮಿನಲ್ಲಿದ್ದಾಳೆ, ನನ್ನ ಬಳಿ ಆರು ವರ್ಷ ಕೆಲಸ ಕಲಿತವಳು. ರೆಡಿಮೇಡ್ ಬಂದಮೇಲೆ ನನ್ನ ಅಂಗಡಿಯಲ್ಲಿ ಇಬ್ಬರಿಗೆ ಸಾಲುವಷ್ಟು ಕೆಲಸ ಉಳಿಯಲಿಲ್ಲ. ‘ಹೋಗಮ್ಮಾ, ದೊಡ್ಡ ಜಾಗ, ಪಿ.ಎಫ್. ಸಿಗುತ್ತೆ’ ಎಂದು ಕಳಿಸಿದವನು ನಾನೇ. ನನ್ನ ಬುದ್ಧಿಗೆ ಇಷ್ಟು!

ಆ ದಿನ ನಿಮ್ಮ ಭಾಷಣ ಮುಗಿಸಿ ಅವಳನ್ನು ಮಕ್ಕಳ ಫ್ರಾಕಿನ ಲೈನಿನಲ್ಲಿ ಕೂರಿಸಿದ್ದೀರಿ. ಮಧ್ಯಾಹ್ನ ಸೂಜಿ ಮುರಿಯಿತು. ಅವಳು ನಾನು ಕಲಿಸಿದಂತೆಯೇ ಮಾಡಿದಳು. ಚೂರುಗಳನ್ನು ಚಿಂದಿಯಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿ, ಮನೆಯಿಂದ ತಂದಿದ್ದ ಸೂಜಿಯನ್ನು ತಾನೇ ಹಾಕಿಕೊಂಡು ಹೊಲಿಗೆ ಮುಂದುವರಿಸಿದಳು. ನಮ್ಮ ಅಂಗಡಿಗಳಲ್ಲಿ ಇದಕ್ಕೆ ಶಹಬ್ಬಾಸ್ ಎನ್ನುತ್ತಾರೆ.

ನಿಮ್ಮ ಸೂಪರ್‌ವೈಸರ್ ಬೊಬ್ಬೆ ಹಾಕಿದನಂತೆ.

“ಸೂಜಿ ಚೂರೆಲ್ಲಮ್ಮಾ?”

“ಒಗದೀನ್ರಿ ಸರ. ಯಾರ ಕಾಲಿಗಾರ ಚುಚ್ಚಿದ್ರ ಏನ್ ಮಾಡೋದ್ರಿ?”

“ಅಯ್ಯೋ, ಹೊಸ ಸೂಜಿ ಯಾರು ಕೊಟ್ರು?”

“ನಂದ ರಿ. ನಿಮಗ್ಯಾಕ ತ್ರಾಸ ಅಂತ ನಾನ ತಂದೀನಿ.”

ಅಷ್ಟರಲ್ಲಿ ಡಬ್ಬಿಯ ಕಸ ಹೊರಗೆ ಹೋಗಿತ್ತು. ಲೈನ್ ನಿಂತಿತು. ಒಂದೊಂದು ಫ್ರಾಕನ್ನೂ ಕೈಯಿಂದ ತಡಕಿ ನೋಡಿದರಂತೆ. ನಿಮ್ಮಲ್ಲಿ ಮುರಿದ ಸೂಜಿಯ ಪ್ರತಿ ಚೂರನ್ನೂ ಹುಡುಕಿ, ಕಾರ್ಡಿಗೆ ಅಂಟಿಸಿ, ಸೂಪರ್‌ವೈಸರ್‌ಗೆ ಕೊಟ್ಟ ಮೇಲೆಯೇ ಹೊಸ ಸೂಜಿ ಕೊಡುತ್ತಾರಂತೆ. ಪರದೇಶಕ್ಕೆ ಹೋಗುವ ಬಟ್ಟೆ, ಚೂರು ಒಳಗೆ ಉಳಿದರೆ ಯಾವುದೋ ದೇಶದ ಕೂಸಿಗೆ ಚುಚ್ಚೀತು. ಒಪ್ಪಿದೆ. ನಲವತ್ತು ವರ್ಷ ಹೊಲಿದ ನನಗೇ ಇದು ಹೊಳೆದಿರಲಿಲ್ಲ, ನಾಚಿಕೆಯಾಯಿತು. ನಿಯಮ ಒಳ್ಳೆಯದೇ. ಆದರೆ ಅಷ್ಟು ಒಳ್ಳೆಯ ನಿಯಮವನ್ನು ಹೊಲಿಯುವವರಿಂದಲೇ ಬಚ್ಚಿಟ್ಟಿದ್ದೇಕೆ? ಸಂಸ್ಥಾಪಕರು ಹುಡುಗರಾಗಿದ್ದಾಗ ಸೈಕಲ್ಲಿನಿಂದ ಬಿದ್ದ ಕಥೆಗೆ ಅರ್ಧ ಗಂಟೆ ಇತ್ತು, ಸೂಜಿಗೆ ಅರ್ಧ ನಿಮಿಷ ಇರಲಿಲ್ಲವೇ?

ಇದನ್ನೇ ಕೇಳಲು ನಿಮ್ಮ ಆಫೀಸಿಗೆ ಬಂದಿದ್ದೆ. ನೀವು ಕುರ್ಚಿ ತಿರುಗಿಸಿ ಕಾಗದದ ಕಟ್ಟೊಂದನ್ನು ತೋರಿಸಿದಿರಿ. “ನೋಡಿ, ಹನ್ನೊಂದನೇ ಪೇಜಲ್ಲಿ ಎಲ್ಲಾ ಇದೆ. ಅವರೇ ಸೈನ್ ಮಾಡಿದ್ದಾರಲ್ಲ?”

“ಅದು ಇಂಗ್ಲಿಷಲ್ಲಿದೆ, ಸಾಹೇಬ್ರೇ. ಅವಳು ಓದೋದು ಕನ್ನಡ.”

“ಎಲ್ರಿಗೂ ಒಂದೇ ಫಾರ್ಮ್ಯಾಟು, ಚಾಚಾ.”

ಬೆರಳಿಟ್ಟು ತೋರಿಸಿದ ಜಾಗದಲ್ಲಿ ಅವಳು ಸಹಿ ಹಾಕಿದ್ದು ನಿಜ. ನಿಮ್ಮಲ್ಲಿಗೆ ಹೊಸ ಮಿಷನ್ ಬಂದರೆ ಎಣ್ಣೆ ಬಿಟ್ಟು, ಚಿಂದಿಯ ಮೇಲೆ ಓಡಿಸಿ, ಮೆಕ್ಯಾನಿಕ್ ಪಕ್ಕದಲ್ಲೇ ನಿಂತು ನೋಡಿ, ಆಮೇಲೆ ಒಳ್ಳೆ ಬಟ್ಟೆ ಕೊಡುತ್ತೀರಿ. ಹೊಸ ಮನುಷ್ಯರು ಬಂದರೆ ಮಾತ್ರ ಸಹಿ ಹಾಕಿಸಿಕೊಂಡು ನೇರವಾಗಿ ಟಾರ್ಗೆಟ್ ಕೊಡುತ್ತೀರಿ. ಎಣ್ಣೆ ಬೇಡ, ಪಕ್ಕದಲ್ಲಿ ಹಳೆಯ ಕೆಲಸಗಾರ್ತಿಯೊಬ್ಬಳು ಒಂದು ವಾರ ಕೂತರೆ ನಿಮ್ಮ ಗಂಟೇನು ಹೋಗುತ್ತಿತ್ತು?

ಹೊರಗೆ ಹಾಕಿದ್ದಷ್ಟೇ ಆಗಿದ್ದರೆ ನಾನು ಬೈದು ಸುಮ್ಮನಾಗುತ್ತಿದ್ದೆ. ಆದರೆ ಅವಳ ಕೈಗೆ ಕೊಟ್ಟ ಪತ್ರದಲ್ಲಿ ‘ಉದ್ದೇಶಪೂರ್ವಕವಾಗಿ ಸಾಕ್ಷ್ಯ ಮರೆಮಾಡಿದ್ದಾರೆ’ ಎಂದು ಬರೆದಿದ್ದೀರಿ. ಏನು, ಕೊಲೆ ನಡೆದಿತ್ತೇ? ಅದೇ ರಸ್ತೆಯ ಇನ್ನೆರಡು ಕಾರ್ಖಾನೆಯವರು ಆ ಪತ್ರ ಓದಿ ಬಾಗಿಲಲ್ಲೇ ಕೈಮುಗಿದರು. ಕೈಯಲ್ಲಿ ಇಂಥ ಕಸುಬಿರುವ ಹೆಂಗಸು ಈಗ ಕಳ್ಳಿಯ ಹಾಗೆ ತಲೆ ತಗ್ಗಿಸಿ ನಡೆಯುತ್ತಾಳೆ.

ಸದ್ಯ ನನ್ನ ಅಂಗಡಿಯಲ್ಲೇ ಇದ್ದಾಳೆ. ಮೊನ್ನೆ ಸೂಜಿ ಮುರಿಯಿತು. ಮಿಷನ್ ನಿಲ್ಲಿಸಿ, ನೆಲದ ಮೇಲೆ ಮಂಡಿಯೂರಿ, ಮೂರು ಚೂರನ್ನೂ ಹುಡುಕಿ ತಂದು ಅಂಗೈ ಚಾಚಿ ನಿಂತಳು. “ಎಲ್ಲಾ ಅದಾವು, ಎಣಿಸಿ ನೋಡ್ರಿ ಮಾಸ್ತರ್ರ.” ನಾನು ಎಣಿಸಿದೆ.

ಆದ್ದರಿಂದ ಕೇಳಿ. ಆ ಪತ್ರವನ್ನು ಹರಿದು ಹಾಕಿ. ಸೋಮವಾರ ಬೆಳಿಗ್ಗೆ ಅವಳನ್ನು ಗೇಟಿಗೆ ನಾನೇ ಕರೆತರುತ್ತೇನೆ, ಒಳಗೆ ಬಿಟ್ಟುಕೊಳ್ಳಿ. ಸ್ವಾಗತ ಭಾಷಣ ಬೇಡ, ಅವಳಿಗೆ ಗೊತ್ತಿರಬೇಕಾದದ್ದನ್ನು ಅವಳ ಭಾಷೆಯಲ್ಲಿ, ಮಿಷನ್ ಮುಂದೆ ನಿಂತು ಹೇಳಿ. ಸೂಜಿಯ ಪಾಠ ಬಿಟ್ಟುಬಿಡಬಹುದು, ಅದು ಅವಳಿಗೆ ಬಂದಿದೆ.

ಇಂತಿ,
ತನ್ನ ಕೈಯಾರೆ ಅವಳನ್ನು ನಿಮ್ಮಲ್ಲಿಗೆ ಕಳಿಸಿ, ಈಗ ಅವಳ ಮುಖ ನೋಡಲಾಗದೆ ಕೂತಿರುವ
ಜಿಯಾವುಲ್ಲಾ, ಟೈಲರ್
ಶಿವಾಜಿನಗರ, ಜುಲೈ 2004